ಕಲ್ಪಿತ ಮುಖಗಳ ಚಿತ್ರಣ: ಸೋಮನ ಮುಖವಾಡವನ್ನು ಕುರಿತ ಕೆಲವು ವಿಚಾರಗಳು

೧

ಭಾವಚಿತ್ರವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಒಬ್ಬ ವ್ಯಕ್ತಿ ಎದುರಿಗೆ ಕುಳಿತಿರುವುದು, ಚಿತ್ರಕಾರನು ಅವನ ಹೋಲಿಕೆಯನ್ನು ಪಟದ ಮೇಲೆ ಇಳಿಸುತ್ತಿರುವುದು. ಅರಮನೆಗಳಲ್ಲಿರುವ ಅರಸರ ಚಿತ್ರಗಳೂ, ಹಳೆಯ ಮನೆಗಳ ಪಡಸಾಲೆಯಲ್ಲಿ ತೂಗುಹಾಕಿರುವ ಹಿರಿಯರ ಚಿತ್ರಗಳೂ ಈ ಬಗೆಯವು. ಆದರೆ ಯಾವ ಚಿತ್ರಕಾರನ ಎದುರಿಗೂ ಎಂದೂ ಕುಳಿತುಕೊಳ್ಳದ, ಕುಳಿತುಕೊಳ್ಳಲಾರದ ಮುಖಗಳ ಚಿತ್ರಗಳೂ ನಮ್ಮ ನಾಡಿನಲ್ಲಿ ಹೇರಳವಾಗಿವೆ. ಕರ್ನಾಟಕ ರಾಜ್ಯದ ಲಾಂಛನವನ್ನೇ ನೋಡಬಹುದು. ಅದರ ನಡುವೆ ಇರುವುದು ಎರಡು ತಲೆಯ ಗಂಡಭೇರುಂಡ. ಅದರ ಇಕ್ಕೆಲಗಳಲ್ಲಿ ಆನೆಯ ತಲೆಯೂ ಸಿಂಹದ ದೇಹವೂ ಕೂಡಿದ ಎರಡು ಮೃಗಗಳು. ಈ ಮೂರನ್ನೂ ಯಾರೂ ಕಾಡಿನಲ್ಲಿ ಕಂಡವರಿಲ್ಲ. ಹಾಗಿದ್ದರೂ ಸರ್ಕಾರದ ಕಾಗದವನ್ನು ಕೈಯಲ್ಲಿ ಹಿಡಿದ ಯಾರೊಬ್ಬರೂ ಅವನ್ನು ಅಪರಿಚಿತವೆಂದು ಭಾವಿಸುವುದಿಲ್ಲ.

ಇಲ್ಲದುದರ ಹೋಲಿಕೆಯನ್ನು ಚಿತ್ರಕಾರನು ಎಲ್ಲಿಂದ ತರುತ್ತಾನೆ? ಒಮ್ಮೆ ತಂದ ಹೋಲಿಕೆ ತಲೆಮಾರುಗಳವರೆಗೆ ಹೇಗೆ ಉಳಿಯುತ್ತದೆ? ಉಳಿಯದೆ ಹೋದರೆ ಆಗುವ ನಷ್ಟವೆಂಥದು? ಪ್ರಸ್ತುತ ಲೇಖನದಲ್ಲಿ ಈ ಮೂರು ಪ್ರಶ್ನೆಗಳನ್ನು ಹಳೆಯ ಮೈಸೂರು ಪ್ರದೇಶದ ಗ್ರಾಮದೇವತೆಗಳ ಪರಿವಾರದಲ್ಲಿ ಕಾಣಬರುವ ಸೋಮನ ಮುಖವಾಡವನ್ನು ಮುಂದಿಟ್ಟುಕೊಂಡು ಪರಿಶೀಲಿಸಲು ಯತ್ನಿಸಿದ್ದೇವೆ.

೨

ಕನಕಪುರ ತಾಲ್ಲೂಕಿನ ಕಬ್ಬಾಳು ಗ್ರಾಮವು ಎರಡು ಕಾರಣಗಳಿಂದ ಪ್ರಸಿದ್ಧವಾಗಿದೆ. ಮೊದಲನೆಯದು ಕಬ್ಬಾಳದುರ್ಗ. ಕಡಿದಾದ ಬಂಡೆಯ ಮೇಲಿನ ಈ ಕೋಟೆಯನ್ನು ಮೈಸೂರಿನ ಆಳರಸರು ಬಹುಕಾಲ ಸೆರೆಮನೆಯಾಗಿ ಬಳಸಿದರು. ೧೭೩೪ರಲ್ಲಿ ಅಧಿಕಾರವನ್ನೆಲ್ಲ ತಮ್ಮ ಕೈಯಲ್ಲಿ ಹಿಡಿದಿದ್ದ ದಳವಾಯಿ ಮನೆತನದವರು ಚಾಮರಾಜ ಒಡೆಯರನ್ನೇ ಸಿಂಹಾಸನದಿಂದ ಇಳಿಸಿ ಇಲ್ಲಿಗೆ ಕಳುಹಿಸಿದರು. ಆ ಅರಸರು ಇಲ್ಲಿಯೇ ಕೊನೆಯುಸಿರೆಳೆದರು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿಯೂ ಈ ದುರ್ಗದ ಹೆಸರು ಜನರಲ್ಲಿ ನಡುಕ ಹುಟ್ಟಿಸುತ್ತಿತ್ತು. ಎರಡನೆಯದು ಬೆಟ್ಟದ ತಪ್ಪಲಿನಲ್ಲಿರುವ ಕಬ್ಬಾಳಮ್ಮನ ಗುಡಿ. ಬೆಂಗಳೂರು, ಮಂಡ್ಯ, ರಾಮನಗರಗಳ ಕಡೆಯಿಂದ ಭಕ್ತರು ಇಂದಿಗೂ ಹರಕೆ ಹೊತ್ತು ಈ ತಾಯಿಯ ಬಳಿಗೆ ಬರುತ್ತಾರೆ.

ಒಂದೇ ಊರಿನಲ್ಲಿ ಭಯದ ಎರಡು ರೂಪಗಳು ಹೀಗೆ ಮೇಲೂ ಕೆಳಗೂ ನಿಂತಿರುವುದು ಗಮನಾರ್ಹವಾದುದು. ಮೇಲಿನ ಭಯವು ಮನುಷ್ಯನಿಗೆ ಮನುಷ್ಯನಿಂದ ಬಂದದ್ದು. ಅದಕ್ಕೆ ಯಾವ ವಿಕಾರರೂಪವೂ ಬೇಕಾಗಿರಲಿಲ್ಲ. ಕೆಳಗಿನದು ಭಕ್ತಿಯೊಡನೆ ಬೆರೆತ ಭಯ. ಅದು ತಾಯಿಯ ಕಾವಲಿನ ಭಯ. ಗ್ರಾಮದೇವತೆಯ ಆರಾಧನೆಯಿರುವ ಈ ವಿಶಾಲ ಪ್ರದೇಶದಲ್ಲಿ, ಎಂದರೆ ಬೆಂಗಳೂರು, ತುಮಕೂರು, ಮಂಡ್ಯ, ಹಾಸನಗಳ ಸುತ್ತಮುತ್ತಣ ಹಳ್ಳಿಗಳಲ್ಲಿ, ಆ ಕಾವಲಿಗೆ ಒಂದು ಮುಖವನ್ನು ಕೊಟ್ಟಿದ್ದಾರೆ. ಅದೇ ಸೋಮ.

ಸೋಮನು ಗ್ರಾಮದೇವತೆಯ ಅಂಗರಕ್ಷಕ. ಮರದಲ್ಲಿ ಕೆತ್ತಿ ಬಣ್ಣ ಹಚ್ಚಿದ ದೊಡ್ಡ ಮುಖವಾಡವನ್ನು ಧರಿಸಿ ಹಬ್ಬ ಜಾತ್ರೆಗಳಲ್ಲಿ ದೇವಿಯ ಮುಂದೆ ಕುಣಿಯುವುದಕ್ಕೆ ಸೋಮನ ಕುಣಿತವೆಂದು ಹೆಸರು. ಪರಂಪರೆಯಿಂದ ಈ ಸೇವೆಯು ಬಹುಮಟ್ಟಿಗೆ ಗಂಗಾಮತಸ್ಥರದು. ಮುಖವಾಡದ ಕಣ್ಣುಗಳು ಅಗಲವಾಗಿ ಹೊರಚಾಚಿವೆ, ಮೀಸೆ ದಪ್ಪನಾಗಿದೆ, ಹಲ್ಲುಗಳು ತುಟಿಯನ್ನು ಮೀರಿ ಕಾಣುತ್ತವೆ. ಕೆಂಪು ಸೋಮ, ಹಳದಿ ಸೋಮ ಎಂದು ಬಣ್ಣದಿಂದ ಅವರನ್ನು ಗುರುತಿಸುವುದುಂಟು. ಕಪ್ಪು ಬಣ್ಣದ ಸೋಮನೂ ಉಂಟು. ಬಣ್ಣವು ಆಯಾ ಸೋಮನ ಸ್ವಭಾವವನ್ನು ಸೂಚಿಸುತ್ತದೆ. ಯಾವ ಬಣ್ಣದವನು ಸೌಮ್ಯ, ಯಾವ ಬಣ್ಣದವನು ಉಗ್ರ ಎಂಬ ಎಣಿಕೆ ಸೀಮೆಯಿಂದ ಸೀಮೆಗೆ ಬೇರೆಯಾಗುತ್ತದೆ. ಅಂತೂ ಪ್ರತಿಯೊಬ್ಬ ಸೋಮನಿಗೂ ಬಣ್ಣವಿದೆ, ಸ್ವಭಾವವಿದೆ, ಊರಿನ ನೆಂಟಸ್ತಿಕೆಯಿದೆ. ಇಷ್ಟು ಲಕ್ಷಣಗಳಿರುವ ಮುಖವನ್ನು ಕೇವಲ ಅಲಂಕಾರವೆಂದು ಕರೆಯುವುದು ಸರಿಯಲ್ಲ. ಅದು ಒಬ್ಬನ ಮುಖ. ಆದುದರಿಂದ ಅದನ್ನು ಬರೆದವನ ಕೆಲಸವು ಭಾವಚಿತ್ರಕಾರನ ಕೆಲಸವೇ ಸರಿ.

೩

ಕಂಡುದನ್ನು ಬರೆಯುವುದಕ್ಕೂ ಕಾಣದುದನ್ನು ಬರೆಯುವುದಕ್ಕೂ ಇರುವ ಭೇದವನ್ನು ನಮ್ಮ ನಾಡಿನ ಶಾಸ್ತ್ರಕಾರರು ಅರಿಯದವರಲ್ಲ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಸಂಸ್ಕೃತದ 'ಮಾನಸೋಲ್ಲಾಸ'ದಲ್ಲಿ ಚಿತ್ರಕಲೆಯ ವಿಚಾರವು ವಿಸ್ತಾರವಾಗಿ ಬಂದಿದೆ. ಗೋಡೆಯನ್ನು ಹದಗೊಳಿಸುವ ಕ್ರಮ, ಎಮ್ಮೆಯ ತೊಗಲನ್ನು ಕಾಯಿಸಿ ಮಾಡುವ ವಜ್ರಲೇಪ, ಬಣ್ಣಗಳ ಮಿಶ್ರಣ ಇವುಗಳ ಜೊತೆಗೆ ಈ ಅರಸನು ಚಿತ್ರಗಳನ್ನು ವರ್ಗೀಕರಿಸಿಯೂ ಇದ್ದಾನೆ. ಕನ್ನಡಿಯಲ್ಲಿ ತೋರುವ ಪ್ರತಿಬಿಂಬದಂತೆ ವಸ್ತುವನ್ನು ಹೋಲುವುದು ವಿದ್ಧಚಿತ್ರ. ಬರೆಯಬೇಕೆಂಬ ಮನಸ್ಸು ಅಕಸ್ಮಾತ್ತಾಗಿ ಹುಟ್ಟಿ, ಆಕಾರಮಾತ್ರವು ಸಿದ್ಧಿಸುವಂತೆ ಬರೆದುದು ಅವಿದ್ಧಚಿತ್ರ. ರಸಚಿತ್ರ, ಧೂಳಿಚಿತ್ರಗಳೆಂಬ ಬಗೆಗಳು ಇವಲ್ಲದೆ ಬೇರೆ ಇವೆ.

ಮೇಲುನೋಟಕ್ಕೆ ವಿಕಟರೂಪಗಳೆಲ್ಲವೂ ಅವಿದ್ಧದ ವರ್ಗಕ್ಕೆ ಸೇರಬೇಕಾದುವು. ಆದರೆ ವಿಚಾರಿಸಿ ನೋಡಿದರೆ ಅವುಗಳಲ್ಲಿ ವಿದ್ಧ ಅವಿದ್ಧಗಳೆರಡೂ ಕೂಡಿಕೊಂಡಿವೆಯೆಂಬುದು ಗೊತ್ತಾಗುತ್ತದೆ. ಅವಯವಗಳು ವಿದ್ಧ, ಅವಯವಿಯು ಅವಿದ್ಧ. ಹಲ್ಲು ಹುಲಿಯದಿರಬಹುದು, ಕಣ್ಣು ಗೂಬೆಯದಿರಬಹುದು, ಮೀಸೆ ಊರಿನ ಪಟೇಲನದೇ ಆಗಿರಬಹುದು. ಬಿಡಿಬಿಡಿಯಾಗಿ ಇವೆಲ್ಲವೂ ಲೋಕದಲ್ಲಿ ಇರುವಂಥವು. ಇವುಗಳನ್ನು ಒಂದೇ ಮುಖದಲ್ಲಿ ಹೊಂದಿಸಿದಾಗ ಹುಟ್ಟಿದವನು ಮಾತ್ರ ಲೋಕದಲ್ಲಿಲ್ಲ. ಈ ಹೊಂದಿಕೆಯೇ ಚಿತ್ರಕಾರನ ಸ್ವಂತ ಸೃಷ್ಟಿ. ಲೇಖನದ ಮುಂದಿನ ಭಾಗಗಳೆಲ್ಲ ಈ ಮಾತಿನ ವಿಸ್ತರಣೆಯೆಂದು ವಾಚಕರು ಭಾವಿಸಬಹುದು.

೪

ಬಣ್ಣವು ಬೇಗ ಮಾಸುತ್ತದೆ, ಮರವು ಹುಳು ಹಿಡಿಯುತ್ತದೆ. ಆದುದರಿಂದ ಈ ಹೊಂದಿಕೆಯ ಪ್ರಾಚೀನ ನಿದರ್ಶನಗಳಿಗಾಗಿ ನಾವು ಕಲ್ಲಿನ ಕೆಲಸವನ್ನು ಆಶ್ರಯಿಸಬೇಕು.

ಹೊಯ್ಸಳ ದೇವಾಲಯಗಳ ಮಕರವು ಎಲ್ಲರಿಗೂ ಪರಿಚಿತವಾದುದು. ಮೊಸಳೆಯ ದವಡೆ, ಆನೆಯ ಸೊಂಡಿಲು, ಸಿಂಹದ ಕಾಲು, ನವಿಲಿನಂತೆ ಹರಡಿ ಸುರುಳಿಸುರುಳಿಯಾಗುವ ಬಾಲ ಇವು ಅದರ ಅಂಗಗಳು. ೧೨೫೮ರ ಸುಮಾರಿನಲ್ಲಿ ಸಿದ್ಧವಾದ ಸೋಮನಾಥಪುರದ ಕೇಶವ ದೇವಾಲಯದ ಅಧಿಷ್ಠಾನದಲ್ಲಿ ಆನೆ, ಕುದುರೆ, ಲತೆ, ಪುರಾಣಕಥೆ, ಮಕರ, ಹಂಸ ಎಂಬ ಪಟ್ಟಿಕೆಗಳು ಒಂದರ ಮೇಲೊಂದು ಸಾಗಿವೆ. ಶಿಲ್ಪಿಯು ನಿಜವಾದ ಆನೆಯನ್ನೂ ಕಲ್ಪಿತವಾದ ಮಕರವನ್ನೂ ಒಂದೇ ಗೋಡೆಯಲ್ಲಿ, ಒಂದೇ ಶ್ರದ್ಧೆಯಿಂದ ಬಿಡಿಸಿದ್ದಾನೆ. ಇಲ್ಲಿಯ ಹಲವು ವಿಗ್ರಹಗಳ ಕೆಳಗೆ ಮಲ್ಲಿತಮ್ಮನೆಂಬ ಶಿಲ್ಪಿಯು ತನ್ನ ಹೆಸರನ್ನು ಕೆತ್ತಿರುವುದು ಸುಪ್ರಸಿದ್ಧ. ನುಗ್ಗೇಹಳ್ಳಿಯ ದೇವಾಲಯದಲ್ಲಿಯೂ ಅವನ ಹೆಸರು ಬೈಚೋಜನ ಹೆಸರಿನೊಡನೆ ದೊರೆಯುತ್ತದೆ.

ಬೇಲೂರಿನ ಚೆನ್ನಕೇಶವ ದೇವಾಲಯದ ಒಂದು ಶಿಲ್ಪವು ನಮ್ಮ ವಿಷಯಕ್ಕೆ ಇನ್ನೂ ಹತ್ತಿರವಾದುದು. ಅದರಲ್ಲಿ ಜಿಂಕೆಯನ್ನು ಹೆಬ್ಬಾವು, ಹೆಬ್ಬಾವನ್ನು ಆನೆ, ಆನೆಯನ್ನು ಸಿಂಹ, ಸಿಂಹವನ್ನು ಶರಭ, ಶರಭವನ್ನು ಗಂಡಭೇರುಂಡ ಹಿಡಿದಿರುವಂತೆ ತೋರಿಸಿದೆ. ಇದನ್ನೆಲ್ಲ ಕಂಡು ಬೆರಗಾದ ಋಷಿಯೂ ಪಕ್ಕದಲ್ಲಿದ್ದಾನೆ. ಈ ಸರಪಣಿಯ ಮೊದಲ ನಾಲ್ಕು ಕೊಂಡಿಗಳು ಕಾಡಿನವು, ಕೊನೆಯ ಎರಡು ಕಲ್ಪನೆಯವು. ಕಾಡು ಮುಗಿದು ಕಲ್ಪನೆ ಎಲ್ಲಿ ತೊಡಗಿತೆಂಬುದನ್ನು ಶಿಲ್ಪದಲ್ಲಿ ಯಾವ ಗೆರೆಯೂ ಸೂಚಿಸುವುದಿಲ್ಲ. ಆ ಋಷಿಯ ಮುಖದ ಬೆರಗಿನಲ್ಲಿ ಶಿಲ್ಪಿಯ ಮಂದಹಾಸವೂ ಸೇರಿದೆಯೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಬಳ್ಳಿಗಾವೆಯಲ್ಲಿ ೧೦೪೭ರಲ್ಲಿ ನಿಲ್ಲಿಸಿದ ಕಂಬದ ಗಂಡಭೇರುಂಡಕ್ಕಾದರೋ ಮನುಷ್ಯದೇಹವಿದೆ. ಒಂದೇ ಹೆಸರಿನ ಕಲ್ಪಿತಜೀವಿಗೆ ಬೇರೆ ಬೇರೆ ಶಿಲ್ಪಿಗಳು ಬೇರೆ ಬೇರೆ ಶರೀರಗಳನ್ನು ಕೊಡಬಲ್ಲರೆಂಬುದಕ್ಕೆ ಇದು ಸಾಕ್ಷಿ.

ಇನ್ನು ಕೀರ್ತಿಮುಖದ ವಿಚಾರ. ನಮ್ಮವರು ಇದನ್ನು ಸಿಂಹಲಲಾಟವೆಂದೂ ಕರೆಯುತ್ತಾರೆ. ಇದರ ಪುರಾಣಕಥೆ ಅರ್ಥವತ್ತಾದುದು. ಜಲಂಧರನ ದೂತನಾಗಿ ಬಂದ ರಾಹುವನ್ನು ನುಂಗಲು ಶಿವನ ಕೋಪದಿಂದ ಒಂದು ಘೋರಜೀವಿ ಹುಟ್ಟಿತು. ರಾಹುವು ಶರಣಾಗತನಾದಾಗ ಅದಕ್ಕೆ ಆಹಾರವಿಲ್ಲದೆ ಹೋಯಿತು. ನಿನ್ನನ್ನು ನೀನೇ ತಿನ್ನು ಎಂಬ ಶಿವನ ಆಜ್ಞೆಯಂತೆ ಅದು ತನ್ನ ಕೈಕಾಲು ಒಡಲುಗಳನ್ನೆಲ್ಲ ತಿಂದು ಮುಗಿಸಿ ಮುಖಮಾತ್ರವಾಗಿ ಉಳಿಯಿತು. ಶಿವನು ಮೆಚ್ಚಿ ಅದಕ್ಕೆ ಬಾಗಿಲ ಕಾವಲನ್ನು ಕೊಟ್ಟನು. ಸೋಮನೂ ಮುಖಮಾತ್ರನೇ, ಅವನದೂ ಕಾವಲಿನ ಕೆಲಸವೇ. ಇವೆರಡರಲ್ಲಿ ಒಂದು ಇನ್ನೊಂದರಿಂದ ಹುಟ್ಟಿತೆಂದು ನಾವು ಸಾಧಿಸಹೊರಟಿಲ್ಲ. ವಿಕಾರವಾದ ಮುಖವು ಕೇಡಿನ ಚಿಹ್ನೆಯಲ್ಲ, ಕೇಡನ್ನು ಹೊರಗೇ ತಡೆದು ನಿಲ್ಲಿಸುವ ಸಾಧನ ಎಂಬ ಭಾವನೆ ಶಿಷ್ಟ ಪರಂಪರೆಗೂ ಗ್ರಾಮ ಪರಂಪರೆಗೂ ಸಮಾನವಾಗಿತ್ತೆಂಬುದಷ್ಟೇ ನಮ್ಮ ಅಭಿಪ್ರಾಯ.

ಅವಯವಗಳನ್ನು ಲೋಕದಿಂದ ಆಯ್ದುಕೊಳ್ಳುವ ಈ ಮಾರ್ಗವು ನಮ್ಮವರದೇ ಅಲ್ಲ. ಇಟಲಿಯ ಲಿಯೊನಾರ್ಡೊ ಡ ವಿಂಚಿಯೂ ತನ್ನ ಟಿಪ್ಪಣಿಗಳಲ್ಲಿ ಇದನ್ನೇ ಹೇಳಿದ್ದಾನೆ. ಕಲ್ಪಿತಮೃಗವು ಸಹಜವಾಗಿ ತೋರಬೇಕಾದರೆ ನಾಯಿಯ ತಲೆ, ಬೆಕ್ಕಿನ ಕಣ್ಣು, ಮುಳ್ಳುಹಂದಿಯ ಕಿವಿ, ಆಮೆಯ ಕೊರಳು ಎಂಬಂತೆ ಇರುವ ಪ್ರಾಣಿಗಳ ಅಂಗಗಳಿಂದಲೇ ಅದನ್ನು ಕಟ್ಟಬೇಕೆಂಬುದು ಅವನ ಸಲಹೆ. ಮಕರವನ್ನು ಕಡೆದ ನಮ್ಮ ಶಿಲ್ಪಿಗಳು ಅವನಿಗಿಂತ ಇನ್ನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ಈ ರಹಸ್ಯವನ್ನು ಅರಿತಿದ್ದರು.

೫

ಕಲ್ಲಿನಿಂದ ಬಣ್ಣಕ್ಕೆ ಮರಳಿದಾಗ ನಮ್ಮ ಮುಂದೆ ನಿಲ್ಲುವ ಮಹತ್ತ್ವದ ಆಕರವೆಂದರೆ ಮುಮ್ಮಡಿ ಕೃಷ್ಣರಾಜ ಒಡೆಯರ 'ಶ್ರೀತತ್ತ್ವನಿಧಿ'. ೧೭೯೪ರಲ್ಲಿ ಹುಟ್ಟಿ ೧೭೯೯ರಲ್ಲಿ ಬಾಲಕರಾಗಿದ್ದಾಗಲೇ ಪಟ್ಟವೇರಿದ ಈ ಅರಸರ ಕೈಯಿಂದ ೧೮೩೧ರಲ್ಲಿ ಬ್ರಿಟಿಷರು ಆಡಳಿತವನ್ನು ತೆಗೆದುಕೊಂಡರು. ೧೮೬೮ರಲ್ಲಿ ಕಾಲವಾಗುವವರೆಗೂ ಅವರು ವಿದ್ಯೆ ಮತ್ತು ಕಲೆಗಳ ಪೋಷಣೆಯನ್ನು ಬಿಡಲಿಲ್ಲ. ಶಕ್ತಿನಿಧಿ, ವಿಷ್ಣುನಿಧಿ, ಶಿವನಿಧಿ, ಬ್ರಹ್ಮನಿಧಿ, ಗ್ರಹನಿಧಿ, ವೈಷ್ಣವನಿಧಿ, ಶೈವನಿಧಿ, ಆಗಮನಿಧಿ, ಕೌತುಕನಿಧಿ ಎಂಬ ಒಂಬತ್ತು ಭಾಗಗಳ ಈ ಸಚಿತ್ರಗ್ರಂಥವು ಆ ಪೋಷಣೆಯ ಫಲ. ಕೊನೆಯ ಭಾಗದ ಹೆಸರೇ ಕೌತುಕನಿಧಿ ಎಂಬುದು ಗಮನಿಸತಕ್ಕದ್ದು. ಅರಮನೆಯಲ್ಲಿ ಆಡುತ್ತಿದ್ದ ಗಂಜೀಫಾ ಜಾತಿಯ ಛದಗಳೂ ಯೋಗಾಸನಗಳೂ ಅದರಲ್ಲಿ ಸೇರಿವೆ. ಆ ಆಸನಗಳ ಚಿತ್ರಗಳು ೧೯೯೬ರಲ್ಲಿ ಎನ್. ಇ. ಶೋಮನ್ ಅವರ ಗ್ರಂಥದ ಮೂಲಕ ವಿದ್ವತ್ಪ್ರಪಂಚದ ಗಮನ ಸೆಳೆದುವು.

ಈ ಗ್ರಂಥದಲ್ಲಿ ಪ್ರತಿಯೊಂದು ರೂಪಕ್ಕೂ ಧ್ಯಾನಶ್ಲೋಕವಿದೆ. ಶ್ಲೋಕಕ್ಕೆ ತಕ್ಕಂತೆ ಚಿತ್ರವಿದೆ. ಉದಾಹರಣೆಗೆ, ಶರಭೇಶ್ವರಮೂರ್ತಿಗೆ ಮೂವತ್ತು ಕೈಗಳನ್ನು ಹೇಳಿ ಅವುಗಳಲ್ಲಿರುವ ಆಯುಧಗಳನ್ನೂ ಮುದ್ರೆಗಳನ್ನೂ ಹೆಸರಿಸಿದೆ. ಚಿತ್ರಕಾರನಿಗೆ ಇದು ದೊಡ್ಡ ಕಟ್ಟು. ಆದರೆ ಶ್ಲೋಕವು ಎಲ್ಲವನ್ನೂ ಹೇಳುವುದಿಲ್ಲ. ಮುಖವು ಸಿಂಹದ್ದೆಂದು ಅದು ಹೇಳಬಹುದು. ಆ ಸಿಂಹದ ಹುಬ್ಬು ಎಷ್ಟು ಬಾಗಬೇಕು, ಕಣ್ಣಿನಲ್ಲಿ ಕೋಪವೆಷ್ಟು, ಕರುಣೆಯೆಷ್ಟು, ತುಟಿಯ ಕೊನೆಯಲ್ಲಿ ನಗೆ ಸುಳಿಯಬೇಕೋ ಬಾರದೋ ಎಂಬುದನ್ನು ಅದು ಚಿತ್ರಕಾರನಿಗೇ ಬಿಡುತ್ತದೆ. ಹುಣಿಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲಿನಿಂದ ಮೊದಲ ಗೆರೆಯನ್ನು ಎಳೆದು, ಅಳಿಲಿನ ಕೂದಲಿನ ಕುಂಚದಿಂದ ಸೂಕ್ಷ್ಮರೇಖೆಗಳನ್ನು ತಿದ್ದುತ್ತಿದ್ದ ಮೈಸೂರು ಸಂಪ್ರದಾಯದ ಚಿತ್ರಕಾರನ ಸ್ವಾತಂತ್ರ್ಯವೆಲ್ಲವೂ ಶ್ಲೋಕವು ಬಿಟ್ಟ ಈ ಸಣ್ಣ ಸ್ಥಳದಲ್ಲಿ ಅಡಗಿತ್ತು.

ಜಪಾನಿನ ತೊರಿಯಾಮ ಸೆಕಿಯೆನ್ ಎಂಬ ಚಿತ್ರಕಾರನು ೧೭೭೬ರಲ್ಲಿ ಆ ದೇಶದ ದೆವ್ವಭೂತಗಳನ್ನು ಒಂದೊಂದಾಗಿ ಹೆಸರಿಸಿ, ಒಂದೊಂದಕ್ಕೂ ಚಿತ್ರ ಬರೆದು ಪುಸ್ತಕವಾಗಿ ಪ್ರಕಟಿಸಿದನು. ಮುಂದಿನ ಜಪಾನೀ ಚಿತ್ರಕಾರರಿಗೆ ಆ ಪುಸ್ತಕವೇ ಮಾದರಿಯಾಯಿತು. ಜನರ ಬಾಯಲ್ಲಿ ಅಲೆದಾಡುತ್ತಿದ್ದ ಭೂತಗಳಿಗೆ ಅವನಿಂದ ನಿಶ್ಚಿತವಾದ ಮುಖಗಳು ಬಂದುವು. ಮೈಸೂರಿನ ಅರಮನೆಯ ಗ್ರಂಥವು ದೇವತಾರೂಪಗಳಿಗೆ ಇಂಥದೇ ಉಪಕಾರವನ್ನು ಮಾಡಿತು. ಹಳ್ಳಿಯ ಸೋಮನಿಗೆ ಮಾತ್ರ ಅರಮನೆಯ ಶ್ಲೋಕವೂ ಇಲ್ಲ, ಅಚ್ಚಿನ ಪುಸ್ತಕವೂ ಇಲ್ಲ.

೬

ಹಾಗಾದರೆ ಸೋಮನ ಮುಖಕ್ಕೆ ಪ್ರಮಾಣ ಯಾವುದು? ಹಿಂದಿನ ಸೋಮನ ಮುಖವೇ ಪ್ರಮಾಣ. ಹೊಸ ಮುಖವಾಡ ಬೇಕಾದಾಗ ಕೆತ್ತುವವನು ಹಳೆಯದನ್ನು ಮುಂದಿಟ್ಟುಕೊಳ್ಳುತ್ತಾನೆ. ಬಣ್ಣ ಮಾಸಿದಾಗ ಹಚ್ಚುವವನು ಹಳೆಯ ಬಣ್ಣದ ಗುರುತನ್ನು ಹಿಡಿದು ಹಚ್ಚುತ್ತಾನೆ. ಹೀಗೆ ಒಂದು ಕೈ ಇನ್ನೊಂದು ಕೈಗೆ ಒಪ್ಪಿಸಿದ ಹೋಲಿಕೆಯೇ ಸೋಮನ ಇತಿಹಾಸ. ಪ್ರತಿ ಒಪ್ಪಿಸುವಿಕೆಯಲ್ಲಿಯೂ ಏನಾದರೂ ಸ್ವಲ್ಪ ಬದಲಾಗುತ್ತದೆ. ಒಬ್ಬನು ಮೀಸೆಯನ್ನು ಇನ್ನಷ್ಟು ಹುರಿ ಮಾಡುತ್ತಾನೆ, ಇನ್ನೊಬ್ಬನು ಹಣೆಯ ನಾಮವನ್ನು ಅಗಲಿಸುತ್ತಾನೆ. ಊರಿನವರು ಒಪ್ಪಿದರೆ ಬದಲಾವಣೆ ಉಳಿಯುತ್ತದೆ. ಒಪ್ಪದಿದ್ದರೆ ಇದು ನಮ್ಮ ಸೋಮನಲ್ಲ ಎಂದುಬಿಡುತ್ತಾರೆ. ಇಲ್ಲದವನ ಹೋಲಿಕೆಯನ್ನು ಪರೀಕ್ಷಿಸಿ ತೀರ್ಪು ಕೊಡುವ ಈ ಅಧಿಕಾರವು ನಮಗೆ ಬಹಳ ಕುತೂಹಲಕರವಾಗಿ ತೋರುತ್ತದೆ.

ಇಲ್ಲಿ ವಿನೋದಕ್ಕೂ ಸ್ಥಾನವಿದೆ. ಸೋಮನ ಮುಖವನ್ನು ಮಕ್ಕಳು ಮೊದಲು ಕಂಡಾಗ ತಾಯಿಯ ಸೆರಗಿನಲ್ಲಿ ಅಡಗುತ್ತಾರೆ. ಸ್ವಲ್ಪ ಹೊತ್ತಿನಲ್ಲಿ ಅವರೇ ಅವನ ಹಿಂದೆ ಓಡುತ್ತಾರೆ. ಭಯವು ನಗೆಯಾಗಿ ತಿರುಗುವಷ್ಟು ಎಡೆಯನ್ನು ಚಿತ್ರಕಾರನು ಆ ಮುಖದಲ್ಲಿ ಬಿಟ್ಟಿರುತ್ತಾನೆ. ಪ್ರಾಚೀನ ಶಾಸ್ತ್ರವೂ ಇದಕ್ಕೆ ವಿರುದ್ಧವಾಗಿಲ್ಲ. ವಿಷ್ಣುಧರ್ಮೋತ್ತರದ ಚಿತ್ರಸೂತ್ರವು ದೈತ್ಯದಾನವರಿಗೆ ದುಂಡು ಕಣ್ಣು, ಗಂಟಿಕ್ಕಿದ ಮುಖ, ಆಡಂಬರದ ಉಡುಗೆಗಳನ್ನು ವಿಧಿಸುತ್ತದೆ. ದುಂಡು ಕಣ್ಣಿನ ಈ ಲಕ್ಷಣವನ್ನು ಓದಿದವರಿಗೆ ಹೊಸ ಮನೆಯ ಮುಂದೆ ತೂಗುವ ಬೂದುಗುಂಬಳದ ದೃಷ್ಟಿಬೊಂಬೆ ನೆನಪಿಗೆ ಬಾರದಿರದು. ಕಾಯಿಯ ಮೇಲೆ ಎರಡು ದುಂಡು ಕಣ್ಣು, ಒಂದು ಜೊತೆ ಮೀಸೆ, ಕೋರೆಹಲ್ಲು, ಜೋಲುವ ಕೆಂಪು ನಾಲಗೆ: ಬರೆಯಲು ಅರ್ಧ ಗಳಿಗೆ ಸಾಕು. ಆದರೂ ಒಬ್ಬನು ಬರೆದ ಬೊಂಬೆಯಂತೆ ಇನ್ನೊಬ್ಬನದು ಇರುವುದಿಲ್ಲ. ಶರಭವನ್ನು ಬರೆದ ಅರಮನೆಯ ಚಿತ್ರಕಾರನಿಗೂ ಕುಂಬಳಕಾಯಿಯ ಮೇಲೆ ಬರೆಯುವವನಿಗೂ ನಡುವೆ ಪಾಂಡಿತ್ಯದ ಅಂತರ ದೊಡ್ಡದು. ಇಬ್ಬರೂ ಮಾಡುವ ಕೆಲಸ ಮಾತ್ರ ಒಂದೇ ಜಾತಿಯದು.

೭

ಈಗ ಮೂರನೆಯ ಪ್ರಶ್ನೆಗೆ ಬರೋಣ. ನವಿಲಿನ ಒಂದು ಹಳೆಯ ಚಿತ್ರ ಹಾಳಾಯಿತೆಂದು ಇಟ್ಟುಕೊಳ್ಳೋಣ. ಚಿತ್ರವು ಹೋಯಿತು, ನವಿಲು ಇದೆ. ಇನ್ನೊಬ್ಬ ಚಿತ್ರಕಾರನು ನವಿಲನ್ನು ನೋಡಿ ಬರೆಯಬಲ್ಲನು. ಅರಸನ ಭಾವಚಿತ್ರ ಹಾಳಾದರೆ ನಾಣ್ಯ, ಛಾಯಾಚಿತ್ರ, ಸಮಕಾಲೀನರ ವರ್ಣನೆ ಇವುಗಳಿಂದ ಅವನ ಹೋಲಿಕೆಯನ್ನು ತಕ್ಕಮಟ್ಟಿಗೆ ಮರಳಿ ಪಡೆಯಬಹುದು. ಶರಭವು ಅಳಿಸಿದರೂ ಅದರ ಶ್ಲೋಕ ಉಳಿದಿರುತ್ತದೆ. ಆದರೆ ಒಂದು ಊರಿನ ಸೋಮನ ಮುಖವಾಡವು ಹುಳು ಹಿಡಿದು ಪುಡಿಯಾದರೆ, ಅಥವಾ ಅದರ ಗೆರೆಗಳನ್ನೆಲ್ಲ ಮುಚ್ಚುವಂತೆ ಅಂಗಡಿಯ ಹೊಳಪಿನ ಬಣ್ಣವನ್ನು ಬಳಿದುಬಿಟ್ಟರೆ, ಆ ಮುಖವನ್ನು ಸೃಷ್ಟಿಯ ಯಾವ ಮೂಲೆಯಲ್ಲಿ ಹುಡುಕಿದರೂ ಸಿಕ್ಕದು. ಅಲ್ಲಿ ನಷ್ಟವಾದುದು ಚಿತ್ರ ಮಾತ್ರವಲ್ಲ, ಚಿತ್ರಿಸಲ್ಪಟ್ಟವನೂ ನಷ್ಟವಾದನು. ಕಲ್ಪಿತರ ಭಾವಚಿತ್ರಗಳನ್ನು ಇತರ ಭಾವಚಿತ್ರಗಳಿಗಿಂತ ಹೆಚ್ಚು ಎಚ್ಚರಿಕೆಯಿಂದ ಕಾಪಾಡಬೇಕಾದ ಕಾರಣ ಇದು.

ಇದಕ್ಕೆ ಒಂದು ಆಕ್ಷೇಪವನ್ನು ಎತ್ತಬಹುದು. ಮುಖವಾಡವು ಪೂಜೆಯ ವಸ್ತು. ಬಣ್ಣ ಹೊಸದಾಗುವುದು ಅದರ ಧರ್ಮ. ಅದನ್ನು ಹಳೆಯದಾಗಿಯೇ ಇರಿಸಬೇಕೆನ್ನುವುದು ಪುಸ್ತಕದ ಪಂಡಿತರ ಹಟ ಎಂಬುದೇ ಆ ಆಕ್ಷೇಪ. ಇದರಲ್ಲಿ ಸತ್ಯವಿದೆ. ಪೂಜೆಗೊಳ್ಳುವ ಸೋಮನನ್ನು ಗುಡಿಯಿಂದ ಬಿಡಿಸಿ ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ನಾವು ಹೇಳುವುದಿಲ್ಲ. ವಸ್ತುಸಂಗ್ರಹಾಲಯಗಳ ಉಪಕಾರ ದೊಡ್ಡದು. ಎಚ್. ಎಲ್. ನಾಗೇಗೌಡರು ೧೯೯೪ರಲ್ಲಿ ರಾಮನಗರದ ಬಳಿ ತೆರೆದ ಜಾನಪದ ಲೋಕವು ಈ ಸೀಮೆಯ ಜನಪದ ವಸ್ತುಗಳನ್ನು ವಿದ್ಯಾರ್ಥಿಗಳ ಕಣ್ಣಿಗೆ ಕಾಣುವಂತೆ ಮಾಡಿದೆ. ಆದರೆ ಬಳಕೆಯಲ್ಲಿರುವ ಮುಖವಾಡದ ಸ್ಥಾನ ಗುಡಿಯೇ. ಬಣ್ಣ ಹೊಸದಾಗಲಿ, ಹಳೆಯ ಗೆರೆಯ ಲೆಕ್ಕವೂ ಉಳಿಯಲಿ. ಇವೆರಡಕ್ಕೂ ವಿರೋಧವಿಲ್ಲ.

ಆದುದರಿಂದ ಕಾಲೇಜುಗಳ ಇತಿಹಾಸ ವಿಭಾಗಗಳ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಕೆಲವು ಸೂಚನೆಗಳನ್ನು ಮುಂದಿಡಬಯಸುತ್ತೇವೆ. ಮೊದಲನೆಯದಾಗಿ, ತಮ್ಮ ತಮ್ಮ ಊರಿನ ಸೋಮನನ್ನು ಪೂಜಾರಿಗಳ ಮತ್ತು ಸೇವೆಯ ಮನೆತನದವರ ಒಪ್ಪಿಗೆ ಪಡೆದು, ಹೊಸ ಬಣ್ಣ ಬೀಳುವುದಕ್ಕೆ ಮೊದಲು ಎದುರಿನಿಂದಲೂ ಎರಡು ಪಕ್ಕಗಳಿಂದಲೂ ಒಳಮೈಯಿಂದಲೂ ಛಾಯಾಚಿತ್ರ ತೆಗೆಯಬೇಕು. ಎರಡನೆಯದಾಗಿ, ಉದ್ದ, ಅಗಲ, ತೂಕ, ಮರದ ಜಾತಿ, ಬಣ್ಣಗಳ ಕ್ರಮ ಇವುಗಳನ್ನು ಬರೆದಿಡಬೇಕು. ಉದುರಿದೆಡೆಗಳಲ್ಲಿ ಕೆಳಗಿನ ಹಳೆಯ ಬಣ್ಣವು ಕಂಡರೆ ಅದನ್ನು ಬಿಡದೆ ಗುರುತಿಸಬೇಕು. ಮೂರನೆಯದಾಗಿ, ಆ ಸೋಮನ ಸ್ವಭಾವವನ್ನು ಕುರಿತು ಊರಿನ ವೃದ್ಧರು ಹೇಳುವ ಮಾತುಗಳನ್ನು ಅವರ ನುಡಿಯಲ್ಲಿಯೇ ಸಂಗ್ರಹಿಸಬೇಕು. ಮುಖದ ಅರ್ಥವು ಆ ಮಾತುಗಳಲ್ಲಿದೆ. ನಾಲ್ಕನೆಯದಾಗಿ, ಕೆತ್ತಿದವನ ಮತ್ತು ಬಣ್ಣ ಹಚ್ಚಿದವನ ಹೆಸರನ್ನು, ಅವರ ಅನುಮತಿಯಿದ್ದರೆ, ವರ್ಷದೊಡನೆ ದಾಖಲಿಸಬೇಕು.

ಈ ಕೊನೆಯ ಸೂಚನೆಗೆ ನಾವು ವಿಶೇಷವಾದ ಬೆಲೆಯನ್ನು ಕೊಡುತ್ತೇವೆ. ೧೩ನೆಯ ಶತಮಾನದ ಮಲ್ಲಿತಮ್ಮನ ಹೆಸರು ಇಂದು ನಮಗೆ ಗೊತ್ತಿರುವುದು ಅವನು ಅದನ್ನು ಕಲ್ಲಿನಲ್ಲಿ ಕೆತ್ತಿದುದರಿಂದ. ಮರದ ಮೇಲೆ ಬಣ್ಣದಲ್ಲಿ ಕೆಲಸ ಮಾಡಿದವನ ಹೆಸರು ಮುಂದಿನವನ ಕುಂಚದ ಕೆಳಗೆ ಮುಚ್ಚಿಹೋಗುತ್ತದೆ. ಕಬ್ಬಾಳದುರ್ಗದಲ್ಲಿ ಸೆರೆಯಾದ ಅರಸನ ಹೆಸರನ್ನು ಇತಿಹಾಸವು ಉಳಿಸಿಕೊಂಡಿದೆ. ಅಂಥ ಬೆಟ್ಟಗಳ ಕೆಳಗಿನ ಹಳ್ಳಿಗಳಲ್ಲಿ ಜನರ ಭಯಕ್ಕೆ ಒಂದು ಮುಖವನ್ನು ಕೊಟ್ಟು, ಆ ಮುಖವನ್ನೇ ಅವರ ಕಾವಲಿಗೆ ನಿಲ್ಲಿಸಿದ ಚಿತ್ರಕಾರರ ಹೆಸರನ್ನು ಉಳಿಸಿಕೊಳ್ಳುವುದೂ ಇತಿಹಾಸಕಾರರಿಗೆ ಸೇರಿದ ಕರ್ತವ್ಯವೇ ಆಗಿದೆ.